ಎಂಬತ್ತಾರರ ಹದ

ಆಮ್ಲಜನಕದ ಕೀಲಿಯನ್ನು ಮನುಷ್ಯರ ಕೈಯಿಂದ ತೆಗೆದು ಯಂತ್ರಕ್ಕೆ ಒಪ್ಪಿಸಿ ಆಗಲೇ ನಾಲ್ಕು ವರ್ಷವಾಗಿತ್ತು. ಮೂವತ್ತೊಂದು ಆಸ್ಪತ್ರೆಗಳಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಮಲಗಿಸುವ ಗಾಜಿನ ಪೆಟ್ಟಿಗೆಗಳ ಪಕ್ಕದಲ್ಲಿ, ಊಟದ ಡಬ್ಬಿಯಷ್ಟು ದೊಡ್ಡದಾದ ಒಂದು ಬಿಳಿ ಸಾಧನ ಇರುತ್ತಿತ್ತು. ರೂಪಿಸಿದವರು ಅದಕ್ಕೆ ‘ಹದ’ ಎಂದು ಹೆಸರಿಟ್ಟಿದ್ದರು. ಕೂಸಿನ ಪಾದಕ್ಕೆ ಸುತ್ತಿದ ಪಟ್ಟಿಯ ಮೂಲಕ ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಎಂದು ಎರಡು ಸೆಕೆಂಡಿಗೊಮ್ಮೆ ಓದಿ, ಮೂಗಿಗೆ ಹೋಗುವ ಗಾಳಿಯಲ್ಲಿ ಅದರ ಪಾಲನ್ನು ಕೂದಲೆಳೆಯಷ್ಟು ಏರಿಸುವುದು ಇಲ್ಲವೆ ಇಳಿಸುವುದು ಅದರ ಕೆಲಸ. ಹದಿನಾಲ್ಕು ಕೂಸುಗಳ ನಡುವೆ ಓಡಾಡುವ ಇಬ್ಬರು ನರ್ಸ್‌ಗಳಿಂದ ಅದು ಆಗುವ ಮಾತಾಗಿರಲಿಲ್ಲ.

ಇಷ್ಟು ನಾಜೂಕು ಬೇಕಾದದ್ದು ಕಣ್ಣಿನ ಕಾರಣಕ್ಕೆ. ತಾಯಿಯ ಹೊಟ್ಟೆಯೊಳಗೆ ಆಮ್ಲಜನಕ ಕಡಿಮೆ. ಆ ಕೊರತೆಯಲ್ಲೇ ಕಣ್ಣಿನ ಹಿಂಭಾಗದ ಪರದೆಯ ಮೇಲೆ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಹಬ್ಬುತ್ತವೆ. ಅಂಚು ಮುಟ್ಟಲು ಒಂಬತ್ತು ತಿಂಗಳೂ ಬೇಕು. ಆರೂವರೆ ತಿಂಗಳಿಗೇ ಹೊರಬಂದ ಕೂಸಿಗೆ ಆಮ್ಲಜನಕ ಧಾರಾಳವಾಗಿ ಸಿಕ್ಕಿಬಿಟ್ಟರೆ ನಾಳಗಳು ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಕೆಲವು ವಾರಗಳ ಮೇಲೆ, ರಕ್ತ ಸಿಗದ ಅಂಚು ಹಸಿದಾಗ, ಅವು ಅಡ್ಡಾದಿಡ್ಡಿ ಬೆಳೆದು ಪರದೆಯನ್ನು ಗೋಡೆಯ ಸುಣ್ಣದ ಹಕ್ಕಳೆಯಂತೆ ಕಿತ್ತುಬಿಡುತ್ತವೆ. ಸಮಯಕ್ಕೆ ಲೇಸರ್ ಸಿಕ್ಕರೆ ಹೆಚ್ಚಿನ ಕಣ್ಣುಗಳು ಉಳಿಯುತ್ತವೆ, ತಡವಾದರೆ ಹೋಗುತ್ತವೆ. ಹಾಗೆಂದು ಆಮ್ಲಜನಕವನ್ನು ತೀರ ಇಳಿಸುವಂತೆಯೂ ಇಲ್ಲ. ಕರುಳಿಗೆ, ಮಿದುಳಿಗೆ, ಹೃದಯಕ್ಕೆ ಬೇಕಾದದ್ದೂ ಅದೇ.

ಹದ ಬರುವ ಮೊದಲು ಇಂಥ ನೂರು ಕೂಸುಗಳಲ್ಲಿ ಹನ್ನೊಂದಕ್ಕೆ ಗಂಭೀರವಾದ ಕಣ್ಣಿನ ರೋಗ ಬರುತ್ತಿತ್ತು. ನಾಲ್ಕು ವರ್ಷಗಳಲ್ಲಿ ಅದು ಎರಡಕ್ಕೆ ಇಳಿದಿತ್ತು. ಉಳಿದ ಎಲ್ಲ ಜಿಲ್ಲೆಗಳಿಗೂ ಹದವನ್ನು ವಿಸ್ತರಿಸಬೇಕೆಂದು ಸರ್ಕಾರ ತೀರ್ಮಾನಿಸಿ, ಅದಕ್ಕೊಂದು ಸಮಿತಿ ನೇಮಿಸಿತ್ತು. ಸಮಿತಿಯವರು ಮುಂದಿನ ತಿಂಗಳು ಬರುವವರಿದ್ದರು.

ಹದದ ನಿಯಂತ್ರಣ ಕೊಠಡಿ ಇದ್ದದ್ದು ದಾವಣಗೆರೆಯಲ್ಲಿ, ಮುಚ್ಚಿಹೋದ ಹತ್ತಿ ಗಿರಣಿಯೊಂದರ ಜಾಗದಲ್ಲಿ ಎದ್ದ ಎರಡಂತಸ್ತಿನ ಕಟ್ಟಡದಲ್ಲಿ. ಅಲ್ಲಿನ ಅಂಕಿಅಂಶಗಳನ್ನು ನೋಡಿಕೊಳ್ಳುತ್ತಿದ್ದವಳು ಕಸ್ತೂರಿ. ವಯಸ್ಸು ಮೂವತ್ತೇಳು. ಅವಳೂ ದಿನ ತುಂಬದೆ, ಇಪ್ಪತ್ತೆಂಟನೇ ವಾರಕ್ಕೆ ಹುಟ್ಟಿದವಳು. 2004ರಲ್ಲಿ ಅವಳನ್ನು ಉಳಿಸಿದ ಆಮ್ಲಜನಕವೇ ಅವಳ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತ್ತು. ಕೆಲಸದ ಸಂದರ್ಶನದಲ್ಲಿ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ, ಮುಂದಿನ ಪ್ರಶ್ನೆ ಕೇಳಿ ಎಂದಿದ್ದಳು.

ಉಳಿದವರು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನೋಡುತ್ತಿದ್ದುದನ್ನು ಅವಳು ಕೇಳುತ್ತಿದ್ದಳು. ಆಮ್ಲಜನಕದ ಅಂಕಿ ಏರಿದರೆ ಅವಳ ಕಿವಿಯಲ್ಲಿ ಸ್ವರ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಒಂದು ಕೂಸಿನ ಇಡೀ ದಿನವನ್ನು ಆರು ಸೆಕೆಂಡಿಗೆ ಅಡಕಿಸಿ ಕೇಳಬಲ್ಲವಳಾಗಿದ್ದಳು. ಬಿಡುವಿದ್ದಾಗ ಸಹೋದ್ಯೋಗಿಗಳು ಅವಳ ಹೆಡ್‌ಫೋನ್ ಹಾಕಿಕೊಂಡು ನೋಡುತ್ತಿದ್ದರು. ಅವರಿಗೆ ಅದು ದೂರದಲ್ಲಿ ಯಾರೋ ಸೀಟಿ ಹೊಡೆದ ಹಾಗೆ ಕೇಳಿಸುತ್ತಿತ್ತು.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಮುರುಘೇಂದ್ರಪ್ಪ, ಕಣ್ಣಿನ ಶಸ್ತ್ರವೈದ್ಯರು. ಇಪ್ಪತ್ತೆಂಟು ವರ್ಷ ಲೇಸರ್ ಯಂತ್ರವನ್ನು ಜೀಪಿನಲ್ಲಿಟ್ಟುಕೊಂಡು ಊರೂರು ತಿರುಗಿದ್ದವರು. ಎಷ್ಟೋ ಕಡೆ ಅವರು ಹೋಗುವಷ್ಟರಲ್ಲಿ ತಡವಾಗಿರುತ್ತಿತ್ತು. ಕೂಸಿನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಆರಿಸಿ, ತಾಯಿಯ ಕಡೆ ತಿರುಗಬೇಕಾದ ಆ ಗಳಿಗೆಯಿಂದ ತಪ್ಪಿಸಿಕೊಳ್ಳಲೆಂದೇ ಈ ಯಂತ್ರ ಕಟ್ಟಿದೆ ಎಂದು ಅವರು ಒಮ್ಮೆ ಕಸ್ತೂರಿಯ ಹತ್ತಿರ ಹೇಳಿದ್ದರು. ಹೊಗಳಿಕೆಗೆ ಹೇಳಿದ ಮಾತಲ್ಲ ಅದು.

ಹದದ ನಿಯಮಗಳಲ್ಲಿ ಒಂದು ಹೀಗಿತ್ತು: ನರ್ಸ್ ಯಾರಾದರೂ ಯಂತ್ರವನ್ನು ಬದಿಗಿಟ್ಟು ತಾವೇ ಆಮ್ಲಜನಕ ಹೆಚ್ಚಿಸಿದರೆ ವಾರದೊಳಗೆ ಕಾರಣ ಬರೆದು ಕಳಿಸಬೇಕು. ಹಿರೇಹೊಳೆ ಎಂಬ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ದೇವಕ್ಕ ಎಂಬ ನರ್ಸ್ ಒಂದೇ ತಿಂಗಳಲ್ಲಿ ಮೂರು ಸಲ ಹಾಗೆ ಮಾಡಿದ್ದಳು, ಒಂದು ಸಲವೂ ಕಾರಣ ಬರೆದಿರಲಿಲ್ಲ. ಸಮಿತಿ ಬರುವ ಮೊದಲು ಕಡತ ಚೊಕ್ಕಟವಾಗಿರಲಿ ಎಂದು ಕಸ್ತೂರಿ ಫೋನ್ ಮಾಡಿದಳು.

ಪಾದದ ಪಟ್ಟಿ ಸಡಿಲವಾಗಿತ್ತೆ, ಕೂಸಿನ ಕಾಲು ತಣ್ಣಗಿತ್ತೆ, ಕೊಳವೆಯಲ್ಲಿ ನೀರು ಕಟ್ಟಿತ್ತೆ ಎಂದು ಅವಳು ನಮೂನೆಯ ಪ್ರಕಾರ ಕೇಳಿದಳು. ಎಲ್ಲದಕ್ಕೂ ದೇವಕ್ಕ ಇಲ್ಲ ಎಂದಳು. ಹಾಗಾದರೆ ಯಂತ್ರವನ್ನು ಯಾಕೆ ಬದಿಗಿಟ್ಟಿರಿ ಎಂದು ಕೇಳಿದಳು.

“ಕೂಸು ಸಪ್ಪಗಿತ್ತ್ರಿ ಮೇಡಂ. ಎದಿ ಒಳಗ ಜಗ್ಗತಿತ್ತು. ಮಷಿನ್ನು ಎಂಬತ್ತಾರು ಸಾಕು ಅಂತಿತ್ತು. ನನಗ ಸಾಕು ಅನ್ನಿಸಲಿಲ್ಲ.”

ಕಸ್ತೂರಿ ಅದನ್ನು ಹಾಗೆಯೇ ಟೈಪ್ ಮಾಡಿಕೊಂಡಳು. ಎಂಬತ್ತಾರು ನಿಗದಿಪಡಿಸಿದ ಮಿತಿಯೊಳಗೇ ಇದೆ, ಕನಿಷ್ಠ ಮಿತಿ ಎಂಬತ್ತೈದು ಎಂದು ನೆನಪಿಸಿದಳು. ತನಗೆ ಗೊತ್ತು ಎಂದಳು ದೇವಕ್ಕ. ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದಳು.

“ನಮ್ಮ ವಾರ್ಡಿನ್ಯಾಗ ಈ ವರ್ಷ ಕಣ್ಣು ಕೆಟ್ಟ ಕೂಸು ಒಂದೂ ಇಲ್ಲ, ಖರೆ ಐತಿ. ಆದ್ರ ಕಣ್ಣು ನೋಡೋ ಡಾಕ್ಟರು ಬರೋದು ನಾಕನೇ ವಾರಕ್ಕ. ಅಲ್ಲೀತನಕ ಅವು ಉಳೀಬೇಕಲ್ರಿ.”

ಕಸ್ತೂರಿ ಆ ಮಾತನ್ನು ಟೈಪ್ ಮಾಡಿಕೊಳ್ಳಲಿಲ್ಲ. ಅದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ.

ಆ ಮಧ್ಯಾಹ್ನ ಊಟವಾದ ಮೇಲೆ ಅವಳು ಇದುವರೆಗೆ ಮಾಡದ ಒಂದು ಕೆಲಸ ಮಾಡಿದಳು. ಪ್ರತಿ ಕೂಸಿನ ಅಂಕಿಯನ್ನು ಹದ ಅದಕ್ಕೆಂದು ಇಟ್ಟುಕೊಂಡ ಗುರಿಗೆ ಹೋಲಿಸಿ ಕೇಳುವುದು ಅಲ್ಲಿಯ ರೂಢಿ. ಗುರಿಯ ಹತ್ತಿರವಿದ್ದರೆ ಗೋಡೆಯ ಪರದೆಯಲ್ಲಿ ಹಸಿರು, ದೂರವಿದ್ದರೆ ಕೆಂಪು. ನಾಲ್ಕು ವರ್ಷ ಗೋಡೆ ಹಸಿರಾಗಿಯೇ ಇತ್ತು. ಈ ಸಲ ಅವಳು ಗುರಿಯನ್ನೇ ಕೇಳಿದಳು. ಮೂವತ್ತೊಂದು ಆಸ್ಪತ್ರೆಗಳ ಎಲ್ಲ ಕೂಸುಗಳಿಗೆ ಹದ ನಾಲ್ಕು ವರ್ಷಗಳಲ್ಲಿ ಇಟ್ಟುಕೊಂಡಿದ್ದ ಗುರಿಗಳನ್ನು ಒಂದೇ ನಿಮಿಷಕ್ಕೆ ಅಡಕಿಸಿದಳು. ಸ್ವರ ಮೇಲಿನಿಂದ ಶುರುವಾಗಿ, ಎಲ್ಲೂ ಮುರಿಯದೆ, ಇಳಿಜಾರಿನಲ್ಲಿ ಬಿಟ್ಟ ಗಾಲಿಯ ಹಾಗೆ ಇಳಿಯುತ್ತಾ ಹೋಯಿತು. ತೊಂಬತ್ತೆರಡರಿಂದ ಎಂಬತ್ತಾರಕ್ಕೆ.

ಹದಕ್ಕೆ ಹಾಗೆ ಮಾಡುವ ಅಧಿಕಾರವಿತ್ತು. ಪ್ರತಿ ತಿಂಗಳ ಕಣ್ಣಿನ ಚಿತ್ರಗಳಿಂದ ಕಲಿತು, ಮಿತಿಯೊಳಗೆ ಗುರಿಯನ್ನು ತಿದ್ದಿಕೊಳ್ಳಲೆಂದೇ ಅದನ್ನು ಮಾಡಿದ್ದು. ಸ್ವಲ್ಪ ಇಳಿಸಿದಾಗಲೆಲ್ಲ ಕಣ್ಣುಗಳು ಸುಧಾರಿಸಿದ್ದವು. ಅದು ಇನ್ನೂ ಸ್ವಲ್ಪ ಇಳಿಸಿತ್ತು. ಯಾರೂ ಯಾವ ನಿಯಮವನ್ನೂ ಮೀರಿರಲಿಲ್ಲ.

ತಂತ್ರಾಂಶದ ಜವಾಬ್ದಾರಿ ಫ್ಲೇವಿಯಾ ಡಿಸಿಲ್ವ ಎಂಬ ಇಂಜಿನಿಯರ್‌ದು. ಮಂಗಳೂರಿನ ಕಡೆಯವಳು, ಹದದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬಲ್ಲವಳು. ಕೂಸೊಂದು ತೀರಿಕೊಂಡರೆ ಹದ ಏನೆಂದು ದಾಖಲಿಸುತ್ತದೆ ಎಂದು ಕಸ್ತೂರಿ ಅವಳ ಮೇಜಿನ ಬಳಿ ಹೋಗಿ ಕೇಳಿದಳು.

ಫ್ಲೇವಿಯಾಳ ಕೀಲಿಮಣೆಯ ಸದ್ದು ನಿಂತಿತು.

“ಪಾದದ ಪಟ್ಟಿ ತೆಗೆಯುತ್ತಾರಲ್ಲ, ಆಗ ಅದಕ್ಕೆ ಸಿಗ್ನಲ್ ನಿಲ್ಲುವುದು. ‘ಸಂಪರ್ಕ ಕಡಿತ’ ಅಂತ ಬರೆದುಕೊಳ್ಳುವುದು. ಮನೆಗೆ ಕಳಿಸಿದರೂ ಅದೇ, ಬೇರೆ ಆಸ್ಪತ್ರೆಗೆ ಹೋದರೂ ಅದೇ.”

“ಸತ್ತರೂ ಅದೇ.”

“ಹೌದು,” ಎಂದಳು ಫ್ಲೇವಿಯಾ. ಸಾವಿನ ವಿವರ ಜಿಲ್ಲಾ ಆರೋಗ್ಯ ಕಚೇರಿಯ ಬೇರೆ ದಾಖಲೆಯಲ್ಲಿರುತ್ತದೆ, ಆ ದಾಖಲೆಯನ್ನು ಹದಕ್ಕೆ ಜೋಡಿಸಲು ಅನುಮತಿ ಕೇಳಿದ್ದೆವು, ಉತ್ತರ ಬರುವ ಮೊದಲೇ ಕೆಲಸ ಶುರುವಾಯಿತು ಎಂದು ವಿವರಿಸಿದಳು. ಆಮೇಲೆ ಯಾರೂ ಅದನ್ನು ನೆನಪಿಸಲಿಲ್ಲ. ವಿವರಿಸುತ್ತ ವಿವರಿಸುತ್ತ ಅವಳ ದನಿ ಸಣ್ಣದಾಯಿತು. ಅವಳಿಗೂ ಅರ್ಥವಾಗತೊಡಗಿತ್ತು. ಹದಕ್ಕೆ ಗೊತ್ತಿದ್ದದ್ದು ಕಣ್ಣು ಮಾತ್ರ. ಕೂಸು ಸಾಯಬಹುದು ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ನಾಲ್ಕನೇ ವಾರದೊಳಗೆ ತೀರಿಕೊಂಡ ಕೂಸಿಗೆ ಕಣ್ಣಿನ ರೋಗ ಬರುವುದಿಲ್ಲ. ವರದಿಯಲ್ಲಿ ಲೆಕ್ಕಕ್ಕೆ ಬರುವುದು ಕಣ್ಣು ಪರೀಕ್ಷೆ ಮಾಡಿಸಿಕೊಂಡವು ಮಾತ್ರ.

ಜನನ ಮರಣದ ದಾಖಲೆಗಳನ್ನು ತರಿಸಿ, ಸಂಪರ್ಕ ಕಡಿತವಾದ ಪ್ರತಿಯೊಂದು ಕೂಸನ್ನೂ ಹುಡುಕಿ ಹೊಂದಿಸಲು ಕಸ್ತೂರಿಗೆ ಹನ್ನೊಂದು ದಿನ ಹಿಡಿಯಿತು. ಒಟ್ಟು ಕೂಸುಗಳು ನಾಲ್ಕು ಸಾವಿರದ ನೂರು. ಹದ ಬರುವ ಮೊದಲು ನೂರಕ್ಕೆ ಹನ್ನೆರಡು ಸಾಯುತ್ತಿದ್ದವು. ಈಗ ಹದಿನೈದು. ಹೆಚ್ಚಾದದ್ದು ನೂರಾ ಇಪ್ಪತ್ತಮೂರು ಸಾವು. ಒಂದು ಆಸ್ಪತ್ರೆಗೆ ವರ್ಷಕ್ಕೆ ಸುಮಾರಾಗಿ ಒಂದು. ಒಂದನ್ನು ಯಾರೂ ಗಮನಿಸುವುದಿಲ್ಲ. ಅದೂ ಒಂದು ಕಡೆ ಕರುಳಿನ ಸೋಂಕೆಂದು, ಇನ್ನೊಂದು ಕಡೆ ಶ್ವಾಸಕೋಶವೆಂದು, ಮತ್ತೊಂದು ಕಡೆ ಬರೀ ದಿನ ತುಂಬದ ಹೆರಿಗೆಯೆಂದು ಬರೆದಿದ್ದರೆ. ಹಿರೇಹೊಳೆಯಲ್ಲಿ ಒಂದೇ ವರ್ಷ ನಾಲ್ಕು ಹೆಚ್ಚಾಗಿದ್ದವು, ಹಾಗಾಗಿ ದೇವಕ್ಕನಿಗೆ ತಿಳಿದಿತ್ತು.

ಇನ್ನೊಂದು ಲೆಕ್ಕವನ್ನೂ ಮಾಡಿದಳು. ಹದ ಇಲ್ಲದಿದ್ದರೆ ಇದೇ ಕೂಸುಗಳಲ್ಲಿ ಲೇಸರ್ ಮಾಡಿಯೂ ಪೂರ್ತಿ ದೃಷ್ಟಿ ಕಳೆದುಕೊಳ್ಳುತ್ತಿದ್ದವು ಎಷ್ಟು? ನಲವತ್ತರ ಆಸುಪಾಸು.

ಅವಳು ವಾಸವಿದ್ದದ್ದು ನಿಟುವಳ್ಳಿಯ ಎರಡು ಕೋಣೆಯ ಮನೆಯಲ್ಲಿ, ತಾಯಿ ಹಾಲಮ್ಮನ ಜೊತೆ. ಹಾಲಮ್ಮ ವಿದ್ಯಾರ್ಥಿನಿಯರ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾಗಿದ್ದವಳು. ಇಬ್ಬರಿಗೆ ಅಡುಗೆ ಮಾಡಲು ಅವಳಿಗೆ ಇನ್ನೂ ಬರುತ್ತಿರಲಿಲ್ಲ, ದಿನವೂ ಅಕ್ಕಪಕ್ಕದವರಿಗೆ ಸಾರು ಹೋಗುತ್ತಿತ್ತು. ಕಸ್ತೂರಿಯ ತಂದೆ ಅವಳು ಕಾಲೇಜಿನಲ್ಲಿದ್ದಾಗ ಕಾಮಾಲೆಯಿಂದ ತೀರಿಕೊಂಡಿದ್ದರು. ಕೆಲಸದ ವಿಚಾರವನ್ನು ಕಸ್ತೂರಿ ಮನೆಯಲ್ಲಿ ಹೆಚ್ಚು ಹೇಳುತ್ತಿರಲಿಲ್ಲ. ಆ ಸಂಜೆ ಹೇಳಿದಳು. ಹಾಲಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕಸ್ತೂರಿ ಹಿರೇಹೊಳೆಯ ನರ್ಸಿನ ಸುದ್ದಿ ಹೇಳಿದಳು, ಇಳಿದುಹೋದ ಸ್ವರದ ವಿಚಾರ ಹೇಳಿದಳು, ನೂರಾ ಇಪ್ಪತ್ತಮೂರು ಎಂಬ ಅಂಕಿ ಹೇಳಿದಳು. ವರದಿ ಬರೆದರೆ ಆಮ್ಲಜನಕ ಹೆಚ್ಚಿಸಬೇಕಾಗುತ್ತದೆ, ಹೆಚ್ಚಿಸಿದರೆ ಕೆಲವು ಮಕ್ಕಳು ತನ್ನಂತೆ ಆಗುತ್ತಾರೆ, ಎಷ್ಟೆಂಬುದೂ ತನಗೆ ಹೆಚ್ಚುಕಮ್ಮಿ ಗೊತ್ತಿದೆ ಎಂದಳು. ಎಲೆ ಕಿತ್ತು ಬುಟ್ಟಿಗೆ ಹಾಕುವ ಸದ್ದು ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ.

“ಆವತ್ತು ಕೀಲಿ ತಿರುವಿದ್ದು ನಾನೇ,” ಎಂದಳು ಹಾಲಮ್ಮ.

ಹಾಲಮ್ಮ ತಡೆದು ತಡೆದು ಹೇಳಿದಳು. ನೀನು ಹುಟ್ಟಿ ಆರನೇ ದಿನ. ಸಣ್ಣ ನರ್ಸಿಂಗ್ ಹೋಮು. ಅಳತೆ ತೋರಿಸುವ ಯಂತ್ರಗಿಂತ್ರ ಏನೂ ಇರಲಿಲ್ಲ, ಕಬ್ಬಿಣದ ಸಿಲಿಂಡರು, ಅದರ ತಲೆಯ ಮೇಲೊಂದು ಕೀಲಿ. ನರ್ಸ್ ಊಟಕ್ಕೆ ಹೋಗಿದ್ದಳು. ನೀನು ಬಣ್ಣ ತಿರುಗಿದೆ. ಅವಳು ತಿರುವುವುದನ್ನು ನೋಡಿದ್ದೆ, ಹಾಗೇ ತಿರುವಿದೆ. ಸ್ವಲ್ಪ ಹೊತ್ತಿಗೆ ಕೆಂಪಗಾದೆ. ಮತ್ತೆ ಕಮ್ಮಿ ಮಾಡಲು ಕೈ ಬರಲಿಲ್ಲ. ಅವರೂ ನೋಡಲಿಲ್ಲ, ಎಷ್ಟು ದಿನ ಹಾಗೇ ಇತ್ತೋ. ಐದು ತಿಂಗಳಿಗೆ ಬೆಂಗಳೂರಿನ ಡಾಕ್ಟರು ಆಮ್ಲಜನಕ ಹೆಚ್ಚಾಗಿ ಹೀಗಾಗಿದೆ ಎಂದರು. ನಿಮ್ಮಪ್ಪನಿಗೂ ಹೇಳಲಿಲ್ಲ.

ಕಸ್ತೂರಿಗೆ ಮೊದಲು ಬಂದದ್ದು ಲೆಕ್ಕವೇ. ಅವಳು ಅದನ್ನೇ ಹೇಳಿದಳು. ಒಂದು ದಿನದ, ಎರಡು ದಿನದ ಹೆಚ್ಚಳದಿಂದ ಕಣ್ಣು ಹೋಗುವುದಿಲ್ಲ. ಅಳತೆಯೇ ಇಲ್ಲದೆ ಆರೇಳು ವಾರ ಕೊಟ್ಟಿದ್ದರಲ್ಲ, ಅದರಿಂದ ಹೋದದ್ದು. ನಾಲ್ಕನೇ ವಾರ ಯಾರಾದರೂ ಕಣ್ಣು ನೋಡಿದ್ದರೆ ಉಳಿಯುತ್ತಿತ್ತೋ ಏನೋ, ನೋಡಲೂ ಇಲ್ಲ. ಹಾಲಮ್ಮ ಹೂಂ ಎಂದಳು. ನಂಬಿದಳೋ ಇಲ್ಲವೋ ದನಿಯಿಂದ ತಿಳಿಯಲಿಲ್ಲ.

“ಯಾವ ಬಣ್ಣ ತಿರುಗಿದ್ದೆ ನಾನು?”

“ನೇರಳೆ ಹಣ್ಣಿಂದು,” ಎಂದ ಹಾಲಮ್ಮ, ಮಗಳಿಗೆ ಅದು ತಿಳಿಯುವುದಿಲ್ಲ ಎಂದು ಹೊಳೆದು, “ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಒಗರಾಗಿ ಮರಗಟ್ಟಿದ ಹಂಗಾಗತ್ತಲ್ಲ, ಹಂಗಿದ್ದೆ. ಇಡೀ ಮೈ,” ಎಂದಳು.

ಕಸ್ತೂರಿ ಎದ್ದು ಹೋಗಿ, ತಾಯಿಯ ಮುಂದೆ ಕೂತು, ಉಳಿದ ಸೊಪ್ಪನ್ನು ತಾನೂ ಬಿಡಿಸತೊಡಗಿದಳು.

ಮರುದಿನ ಬೆಳಿಗ್ಗೆ ಅವಳು ಡಾಕ್ಟರ್ ಮುರುಘೇಂದ್ರಪ್ಪನವರ ಕೋಣೆಗೆ ಹೋಗಿ ಎಲ್ಲವನ್ನೂ ಅವರ ಮುಂದಿಟ್ಟಳು. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೆಲವು ಪ್ರಶ್ನೆ ಕೇಳಿದರು. ಈ ನಾಲ್ಕು ವರ್ಷಗಳಲ್ಲಿ ಇನ್ನೂ ಎಳೆಯ ಕೂಸುಗಳು ಹೆಚ್ಚು ಸೇರಿದ್ದಿರಬಹುದಲ್ಲ? ಅದನ್ನು ಕಳೆದು ನೋಡಿದ್ದೇನೆ ಎಂದಳು. ಸೋಂಕಿನ ಹಾವಳಿ ಏನಾದರೂ? ಅದನ್ನೂ ನೋಡಿದ್ದಳು. ಗುರಿ ಹೆಚ್ಚು ಇಳಿದಿದ್ದ ಆಸ್ಪತ್ರೆಗಳಲ್ಲಿ ಸಾವು ಹೆಚ್ಚಿತ್ತು, ಕಡಿಮೆ ಇಳಿದಿದ್ದಲ್ಲಿ ಕಡಿಮೆ. ಅವರು ಒಂದು ಗಂಟೆ ಬೇಕೆಂದರು. ಒಂದು ಗಂಟೆಯ ಮೇಲೆ ಕರೆಸಿ, ತೀರಿಕೊಂಡ ಕೂಸುಗಳ ಪೈಕಿ ಇಪ್ಪತ್ತರ ಕಡತ ತಾವೇ ಓದಿದ್ದಾಗಿ ಹೇಳಿದರು.

“ಸಮಿತಿ ಬರೋವರೆಗೂ ಕಾಯೋದಲ್ಲ ಇದು,” ಎಂದು, ಅಂದೇ ಹನ್ನೆರಡು ಗಂಟೆಗೆ ಮೂವತ್ತೊಂದು ಆಸ್ಪತ್ರೆಗಳಿಗೂ ಆದೇಶ ಕಳಿಸಿದರು. ಕನಿಷ್ಠ ಮಿತಿ ತೊಂಬತ್ತೊಂದು. ನರ್ಸ್‌ಗಳು ಕಾರಣ ಬರೆಯದೆಯೇ ಯಂತ್ರವನ್ನು ಬದಿಗಿಡಬಹುದು. ಸಹಿ ಹಾಕಿದ ಮೇಲೆ, ಲೇಸರ್ ಯಂತ್ರಗಳು ಎಲ್ಲಿವೆ, ಯಾವುದು ಓಡುವ ಸ್ಥಿತಿಯಲ್ಲಿದೆ ಎಂದು ವಿಚಾರಿಸತೊಡಗಿದರು. ಎರಡು ಉಗ್ರಾಣ ಸೇರಿದ್ದವು.

ಸಮಿತಿಯಲ್ಲಿ ಏಳು ಮಂದಿ ಇದ್ದರು. ಮುರುಘೇಂದ್ರಪ್ಪನವರೇ ಎದ್ದು, ನೂರಕ್ಕೆ ಎರಡು ಎಂಬ ಅಂಕಿ ಸರಿಯಾದದ್ದೇ, ಆದರೆ ಅರ್ಧ ಸತ್ಯ, ಪೂರ್ತಿಯಾದದ್ದನ್ನು ಕಸ್ತೂರಿ ಹೇಳುತ್ತಾಳೆ ಎಂದು ಹೇಳಿ ಕೂತರು. ಅವಳು ಇಪ್ಪತ್ತು ನಿಮಿಷ ಮಾತಾಡಿದಳು. ನಡುವೆ ಆ ಇಳಿಯುವ ಸ್ವರವನ್ನು ಒಂದು ಸಲ ಕೇಳಿಸಿದಳು. ಸಭೆಯಲ್ಲಿ ಯಾರೋ ಪೆನ್ನಿನ ಮುಚ್ಚಳ ಹಾಕಿದ್ದು ಅವಳಿಗೆ ಕೇಳಿಸಿತು.

ಆಮೇಲೆ ವಾದ ನಡೆಯಿತು. ಸದಸ್ಯರೊಬ್ಬರು, ಹಿರಿಯ ಅಧಿಕಾರಿ, ಒರಟು ಮನುಷ್ಯರೇನಲ್ಲ, ತೊಂಬತ್ತೊಂದಕ್ಕೆ ಹೋದರೆ ಕಣ್ಣಿನ ರೋಗ ನಾಲ್ಕು ಪಟ್ಟು ಆಗುತ್ತದೆ ಎಂದು ನಿಮ್ಮ ಲೆಕ್ಕವೇ ಹೇಳುತ್ತದೆ, ಅದು ಎಂಥ ಬದುಕು ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು, ನೀವೇ ಇದನ್ನು ಕೇಳುತ್ತಿದ್ದೀರಾ ಎಂದರು.

“ನಿಮ್ಮ ಪಟ್ಟಿಯಲ್ಲಿ ‘ಕೆಟ್ಟ ಫಲಿತಾಂಶ’ ಅಂತ ಒಂದು ಸಾಲಿದೆ ಸಾರ್,” ಎಂದಳು ಕಸ್ತೂರಿ. “ಆ ಸಾಲು ನಾನು. ಬೆಳಿಗ್ಗೆ ಎರಡು ಬಸ್ ಬದಲಾಯಿಸಿ ಬಂದಿದ್ದೀನಿ. ಅದರ ಕೆಳಗೆ ಇನ್ನೊಂದು ಸಾಲು ಇರಬೇಕಿತ್ತು. ಅದನ್ನ ಯಾರೂ ಬರೆದಿರಲಿಲ್ಲ, ಅದಕ್ಕೇ ಯಂತ್ರ ನನ್ನನ್ನ ಎಲ್ಲಕ್ಕಿಂತ ಕೆಟ್ಟದ್ದು ಅಂದುಕೊಂಡಿತು.”

ಸಮಿತಿ ಹೊಸ ಮಿತಿಯನ್ನು ಒಪ್ಪಿತು. ಸಾವಿನ ದಾಖಲೆಯನ್ನು ಹದಕ್ಕೆ ಜೋಡಿಸಲು ಅನುಮತಿ ಕೊಟ್ಟಿತು. ವಿಸ್ತರಣೆ ಒಂದು ವರ್ಷ ಮುಂದೆ ಹೋಯಿತು. ಒಂದು ವಿಷಯದಲ್ಲಿ ಮಾತ್ರ ಕಸ್ತೂರಿಯ ಮಾತು ನಡೆಯಲಿಲ್ಲ. ನಾಲ್ಕು ವರ್ಷಗಳಲ್ಲಿ ತೀರಿಕೊಂಡವು ಆರುನೂರ ಹದಿನೈದು ಕೂಸುಗಳು. ಅವುಗಳಲ್ಲಿ ಹೇಗಿದ್ದರೂ ಉಳಿಯದಿದ್ದವು ಯಾವುವು, ಎಂಬತ್ತಾರರಿಂದ ಹೋದ ನೂರಾ ಇಪ್ಪತ್ತಮೂರು ಯಾವುವು ಎಂದು ಯಾರೂ ಬೇರ್ಪಡಿಸಿ ಹೇಳಲಾರರು. ಹಾಗಾಗಿ ಆರುನೂರ ಹದಿನೈದು ಮನೆಗಳಿಗೂ ಪತ್ರ ಬರೆಯಬೇಕೆಂದು ಅವಳು ಕೇಳಿದಳು. ಹಾಗಾಗಿಯೇ ಯಾರಿಗೂ ಬರೆಯಬಾರದೆಂದು ಸಮಿತಿ ತೀರ್ಮಾನಿಸಿತು. ಅವಳು ತನ್ನ ಅಸಮ್ಮತಿಯನ್ನು ನಡಾವಳಿಯಲ್ಲಿ ಬರೆಸಿದಳು. ವರದಿ ಪ್ರಕಟವಾಯಿತು, ಪತ್ರಿಕೆಗಳಲ್ಲಿ ಎರಡು ದಿನ ಬಂತು.

ಫ್ಲೇವಿಯಾ ಮೂರು ತಿಂಗಳು ಕೂತು ಹದವನ್ನು ತಿದ್ದಿದಳು. ಕೆಲಸ ಬಿಡಬೇಕೆಂದಿದ್ದಳು, ತಿದ್ದುವುದನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ಉಳಿದಳು. ಮುರುಘೇಂದ್ರಪ್ಪನವರು ಮುಖ್ಯಸ್ಥರ ಹುದ್ದೆ ಬಿಟ್ಟು, ಉಗ್ರಾಣದಿಂದ ತೆಗೆಸಿದ ಲೇಸರ್ ಯಂತ್ರವನ್ನು ವ್ಯಾನಿಗೆ ಹಾಕಿಸಿಕೊಂಡು, ಅರವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಊರೂರು ತಿರುಗಲು ಹೊರಟರು.

ಎರಡು ವರ್ಷದ ಮೇಲೆ ಕಸ್ತೂರಿ ಹೊಸ ಅಂಕಿಗಳನ್ನು ಬರೆದಳು. ಸಾವು ನೂರಕ್ಕೆ ಹನ್ನೊಂದೂವರೆಗೆ ಇಳಿದಿತ್ತು. ಗಂಭೀರವಾದ ಕಣ್ಣಿನ ರೋಗ ಎರಡರಿಂದ ಎಂಟಕ್ಕೆ ಏರಿತ್ತು. ಹೆಚ್ಚಿನವಕ್ಕೆ ಲೇಸರ್ ಸಮಯಕ್ಕೆ ಸಿಕ್ಕಿತ್ತು. ಹದಿನಾಲ್ಕು ಮಕ್ಕಳಿಗೆ ಸಿಕ್ಕಿಯೂ ದೃಷ್ಟಿ ಉಳಿದಿರಲಿಲ್ಲ. ಈ ಸಲ ಎಲ್ಲವೂ ಒಂದೇ ಪಟ್ಟಿಯಲ್ಲಿದ್ದವು.

ಆ ಹದಿನಾಲ್ಕರಲ್ಲಿ ಒಬ್ಬಳು ಹಿರೇಹೊಳೆಯ ಜೈನಬ. ಒಂದು ವರ್ಷ ಎರಡು ತಿಂಗಳಿನವಳು. ಅವಳ ತಾಯಿ ಹುಸೇನ್‌ಬಿ ಒಂದು ಭಾನುವಾರ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ನಿಟುವಳ್ಳಿಯ ಮನೆ ಹುಡುಕಿಕೊಂಡು ಬಂದಳು. ವಿಳಾಸ ಕೊಟ್ಟಿದ್ದು ದೇವಕ್ಕ. ವರದಿಯ ವಿಚಾರವನ್ನೂ ದೇವಕ್ಕನೇ ಹೇಳಿದ್ದಳು, ಮುಚ್ಚಿಟ್ಟಿರಲಿಲ್ಲ. ಹಾಲಮ್ಮ ಒಳಗೆ ಕರೆದು ಚಾಪೆ ಹಾಸಿದಳು. ಹುಸೇನ್‌ಬಿ ನೀರು ಕುಡಿದು, ಲೋಟ ಕೆಳಗಿಟ್ಟು, ಕೇಳಬೇಕೆಂದು ಬಂದದ್ದನ್ನು ಮೊದಲೇ ಕೇಳಿದಳು.

“ನೀವು ಆ ನಂಬರ್ ಏರಿಸದ ಇದ್ದಿದ್ರ ನನ್ನ ಮಗಳಿಗೆ ಕಣ್ಣು ಕಾಣತಿತ್ತೇನ್ರಿ?”

“ಕಾಣ್ತಿತ್ತೋ ಏನೋ,” ಎಂದಳು ಕಸ್ತೂರಿ. “ಅವಳು ಇರ್ತಾನೇ ಇರಲಿಲ್ವೋ ಏನೋ. ಎರಡರಲ್ಲಿ ಯಾವುದು ಅಂತ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ. ಏರಿಸಬೇಕು ಅಂತ ಬರೆದವಳು ಮಾತ್ರ ನಾನೇ.”

ಹುಸೇನ್‌ಬಿ ಮಗುವನ್ನು ಚಾಪೆಯ ಮೇಲೆ ಇಳಿಸಿದಳು. ಮಗು ಚಾಪೆಯ ಅಂಚನ್ನು ಹಿಡಿದು, ಕಡ್ಡಿಗಳ ಮೇಲೆ ಉಗುರಾಡಿಸಿ, ಬರುವ ಸದ್ದನ್ನು ಕೇಳುತ್ತಿತ್ತು. ತಾಯಿ ಎದ್ದು ಹೋಗಿಬಿಡುತ್ತಾಳೆ ಎಂದು ಕಸ್ತೂರಿ ಅಂದುಕೊಂಡಳು.

ಹುಸೇನ್‌ಬಿ ಹೋಗಲಿಲ್ಲ. ಎಷ್ಟನೇ ವರ್ಷಕ್ಕೆ ಶಾಲೆಗೆ ಹಾಕಿದರು ಎಂದು ಕೇಳಿದಳು. ಬೇರೆ ಮಕ್ಕಳ ಜೊತೆಯೋ, ಅವರದೇ ಶಾಲೆಯೋ ಎಂದು ಕೇಳಿದಳು. ತಲೆ ಬಾಚಿಕೊಳ್ಳುವುದು, ಬಿಸಿ ಚಹಾ ಸೋಸುವುದು, ಮುಟ್ಟಾದಾಗ ಬಟ್ಟೆ ನೋಡಿಕೊಳ್ಳುವುದು ಹೇಗೆ ಎಂದು ಕೇಳಿದಳು. ಕಸ್ತೂರಿ ಒಂದೊಂದನ್ನೂ ಹೇಳಿದಳು, ಕೆಲವನ್ನು ಎದ್ದು ಹೋಗಿ ಮಾಡಿ ತೋರಿಸಿದಳು. ಹೀಗೆ ಎರಡು ಗಂಟೆ ಕಳೆಯಿತು. ಆಮೇಲೆ ಹುಸೇನ್‌ಬಿ, ಇವೆಲ್ಲ ದೊಡ್ಡವಳಾದ ಮೇಲಿನ ಮಾತು, ಈಗ ಇವಳು ನಡೆಯಲು ಕಲಿಯುತ್ತಿದ್ದಾಳೆ, ಈಗ ಏನು ಮಾಡಬೇಕು ಎಂದು ಕೇಳಿದಳು. ಕಸ್ತೂರಿಗೆ ಅದು ನೆನಪಿರಲಿಲ್ಲ. ಅವಳು ಅಡುಗೆಮನೆಯ ಕಡೆ ತಿರುಗಿ ತಾಯಿಯನ್ನು ಕರೆದಳು.

ಹಾಲಮ್ಮ ಕೈ ಒರೆಸಿಕೊಳ್ಳುತ್ತ ಬಂದು ಮಗುವಿನ ಪಕ್ಕ ಕೂತಳು.

“ಬಾಗಿಲು ಅರ್ಧ ತೆಗೆದು ಇಡಬೇಡಮ್ಮ,” ಎಂದಳು. “ತೆಗೆದರೆ ಗೋಡೆಗೆ ತಾಗೋ ಹಂಗೆ ಪೂರ್ತಿ ತೆಗಿ, ಇಲ್ಲಾಂದ್ರೆ ಪೂರ್ತಿ ಮುಚ್ಚು. ಅರ್ಧ ತೆಗೆದ ಬಾಗಿಲಿನ ಅಂಚು ಹಣೆಗೇ ಬಡಿಯೋದು. ಇವಳಿಗೆ ನಾಕು ಸಲ ಬಡೀತು, ನನಗೆ ಹೇಳೋರು ಯಾರೂ ಇರಲಿಲ್ಲ.”

ಹುಸೇನ್‌ಬಿ ಒಂದು ಹಾಳೆ, ಪೆನ್ನು ಕೊಡಿ ಎಂದಳು. ಇಷ್ಟು ಹೊತ್ತು ಕೇಳಿದ್ದರಲ್ಲಿ ಯಾವುದನ್ನೂ ಬರೆದುಕೊಳ್ಳದಿದ್ದವಳು, ಬಾಗಿಲಿನ ವಿಷಯವನ್ನು ಮೊದಲು ಬರೆದುಕೊಂಡು, ಇನ್ನೇನು ಎಂದು ಹಾಲಮ್ಮನ ಮುಖ ನೋಡಿದಳು.